ಕತ್ತಾಳೆಯ ಕುಲ, ಹೂವಿನ ಹೆಸರು

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಅಲ್ಲಲ್ಲಿ ಕಾಣುವ ಗಿಡ ಕತ್ತಾಳೆ. ಬೂದಿ ಬಳಿದಂತಹ ಹಸಿರು ಬಣ್ಣದ ದಪ್ಪ ಎಲೆ, ಅಂಚಿಗೆ ಗರಗಸದಂತಹ ಮುಳ್ಳು, ತುದಿಗೆ ಸೂಜಿ. ದನ ಬಾಯಿ ಹಾಕುವುದಿಲ್ಲ. ಬರ ಬಂದರೂ ಬಾಡುವುದಿಲ್ಲ. ನಾರು ತೆಗೆದು ಹಗ್ಗ ಹೊಸೆಯುವುದು, ಬೇಲಿಗೆ ನೆಡುವುದು, ಇಷ್ಟೇ ಇದರ ಉಪಯೋಗ ಎಂದು ತಿಳಿದವರೇ ಹೆಚ್ಚು. ಈ ನೆಲದಲ್ಲೇ ಹುಟ್ಟಿದ್ದೇನೋ ಎನ್ನುವಷ್ಟು ಹೊಂದಿಕೊಂಡಿರುವ ಈ ಗಿಡ ನಿಜಕ್ಕೂ ಪರದೇಶಿ. ಇದರ ತವರು ಮೆಕ್ಸಿಕೊ. ಐರೋಪ್ಯರ ಹಡಗುಗಳ ಕಾಲದಲ್ಲಿ ಕಡಲು ದಾಟಿ ಬಂದು ದಖನ್ನಿನ ಒಣ ನೆಲದಲ್ಲಿ ಬೇರುಬಿಟ್ಟಿತು. 1874ರಲ್ಲಿ ನಿಜಾಮರ ಸಂಸ್ಥಾನದ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡತೊಡಗಿತು. ಆ ಕಾಲದ ಭಾರತದಲ್ಲಿ ಹಲವೆಡೆ ರೈಲು ಹಳಿಗೆ ದನಗಳು ನುಗ್ಗದಂತೆ ನೆಡುತ್ತಿದ್ದ ಜೀವಂತ ಬೇಲಿಗಳಲ್ಲಿ ಕತ್ತಾಳೆಯೂ ಒಂದು.

ತವರಿನಲ್ಲಿ ಈ ಕುಲದ ಘನತೆಯೇ ಬೇರೆ. ಕತ್ತಾಳೆಯ ದಾಯಾದಿಯಾದ ನೀಲಿ ಕತ್ತಾಳೆಯಿಂದ ಅಲ್ಲಿ ಟಕೀಲಾ ಎಂಬ ಮದ್ಯ ತಯಾರಾಗುತ್ತದೆ. ಟಕೀಲಾಕ್ಕೆ ಲಿಂಬೆರಸ ಮತ್ತು ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ ಬೆರೆಸಿ, ಐಸ್ ಹಾಕಿ ಕುಲುಕಿ, ಅಂಚಿಗೆ ಉಪ್ಪು ಸವರಿದ ಗ್ಲಾಸಿಗೆ ಸುರಿದರೆ ಅದು ಮಾರ್ಗರಿಟಾ. ಟಕೀಲಾದ ಮಿಶ್ರಪಾನೀಯಗಳಲ್ಲಿ ಜಗತ್ತಿನಾದ್ಯಂತ ಇಷ್ಟು ಹೆಸರಾದದ್ದು ಮತ್ತೊಂದಿಲ್ಲ. ಬೆಂಗಳೂರು, ಹೈದರಾಬಾದಿನ ಹೋಟೆಲುಗಳ ಪಟ್ಟಿಯಲ್ಲೂ ಇದಕ್ಕೊಂದು ಸಾಲು ಮೀಸಲು. ಆದರೆ ಇದನ್ನು ಮೊದಲು ಮಾಡಿದವರು ಯಾರು ಎಂದು ಕೇಳಿದರೆ ಒಂದಲ್ಲ, ನಾಲ್ಕಾರು ಉತ್ತರಗಳು ಸಿಗುತ್ತವೆ.

ನಾಲ್ಕು ಊರು, ನಾಲ್ಕು ಕಥೆ

ಮೊದಲ ಕಥೆ ಮೆಕ್ಸಿಕೊದ ಗಡಿ ಪಟ್ಟಣವಾದ ತಿಹುವಾನಾದ ಹತ್ತಿರದ್ದು. ಅಲ್ಲಿ ರಾಂಚೊ ಲಾ ಗ್ಲೋರಿಯಾ ಎಂಬ ಹೋಟೆಲು ನಡೆಸುತ್ತಿದ್ದ ಕಾರ್ಲೋಸ್ ಹೆರೆರಾ ಎಂಬಾತ 1938ರ ಸುಮಾರಿಗೆ ಮಾರ್ಜೊರಿ ಕಿಂಗ್ ಎಂಬ ನಟಿಗಾಗಿ ಇದನ್ನು ಬೆರೆಸಿದನಂತೆ. ಆಕೆಗೆ ಟಕೀಲಾ ಬಿಟ್ಟು ಬೇರೆ ಮದ್ಯ ಮೈಗೆ ಒಗ್ಗುತ್ತಿರಲಿಲ್ಲ, ಟಕೀಲಾವನ್ನು ಹಾಗೆಯೇ ಕುಡಿಯಲು ಆಗುತ್ತಿರಲಿಲ್ಲ. ಮಾರ್ಜೊರಿ ಎಂಬ ಹೆಸರೇ ಸ್ಪ್ಯಾನಿಷ್ ನಾಲಿಗೆಯಲ್ಲಿ ಮಾರ್ಗರಿಟಾ ಆಯಿತು ಎನ್ನುತ್ತದೆ ಈ ಕಥೆ. ಎರಡನೆಯದು ಎನ್ಸೆನಾಡಾ ಪಟ್ಟಣದ ಹುಸ್ಸಾಂಗ್ಸ್ ಕ್ಯಾಂಟೀನಾದ್ದು. 1941ರಲ್ಲಿ ಡಾನ್ ಕಾರ್ಲೋಸ್ ಒರೊಜ್ಕೊ ಎಂಬಾತ ಹೊಸ ಮಿಶ್ರಣವೊಂದನ್ನು ಪ್ರಯೋಗ ಮಾಡುತ್ತಿದ್ದಾಗ ಒಳಬಂದ ಜರ್ಮನ್ ರಾಯಭಾರಿಯ ಮಗಳು ಮಾರ್ಗರಿಟಾ ಹೆಂಕೆಲ್‌ಗೆ ಅದರ ರುಚಿ ನೋಡಲು ಕೊಟ್ಟು, ಅವಳ ಹೆಸರನ್ನೇ ಇಟ್ಟನಂತೆ.

ಮೂರನೆಯದರ ನಾಯಕ ಹ್ವಾರೆಸ್ ಪಟ್ಟಣದ ಬಾರ್ ಕೆಲಸಗಾರ ಫ್ರಾನ್ಸಿಸ್ಕೊ ಮೊರಾಲೆಸ್. 1942ರ ಜುಲೈ 4ರಂದು ಹೆಂಗಸೊಬ್ಬಳು ‘ಮ್ಯಾಗ್ನೋಲಿಯಾ’ ಎಂಬ ಪಾನೀಯ ಕೇಳಿದಳು. ಮೊರಾಲೆಸ್‌ಗೆ ಅದರಲ್ಲಿ ಏನೇನು ಬೀಳುತ್ತದೆಂದು ಪೂರ್ತಿ ನೆನಪಾಗಲಿಲ್ಲ. ಕೈಗೆ ಸಿಕ್ಕಿದ್ದನ್ನು ಬೆರೆಸಿ ಕೊಟ್ಟ. ಅದೇ ಮಾರ್ಗರಿಟಾ ಆಯಿತು. ಈತ ಮುಂದೆ ಅಮೆರಿಕದ ಟೆಕ್ಸಾಸಿಗೆ ಹೋಗಿ ಹಾಲು ಹಾಕುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದ. ನಾಲ್ಕನೆಯ ಹಕ್ಕುದಾರಳು ಡಲ್ಲಾಸಿನ ಸಿರಿವಂತೆ ಮಾರ್ಗರಿಟಾ ಸೇಮ್ಸ್. 1948ರ ಕ್ರಿಸ್‌ಮಸ್ ವೇಳೆಗೆ ಅಕಾಪುಲ್ಕೊದ ತನ್ನ ಬಂಗಲೆಯಲ್ಲಿ ಅತಿಥಿಗಳಿಗಾಗಿ ತಾನೇ ಇದನ್ನು ಕಂಡುಹಿಡಿದೆ ಎಂಬುದು ಆಕೆಯ ವಾದ. ಇದು ಸಾಲದೆಂಬಂತೆ, ಹಾಲಿವುಡ್ ತಾರೆ ರೀಟಾ ಹೇವರ್ತ್‌ಳ ಹುಟ್ಟುಹೆಸರು ಮಾರ್ಗರಿಟಾ ಆಗಿದ್ದರಿಂದ ಅವಳ ಹೆಸರನ್ನೂ ಇದಕ್ಕೆ ಅಂಟಿಸಿದವರಿದ್ದಾರೆ.

ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೊರಾಲೆಸ್‌ನದೊಂದನ್ನು ಬಿಟ್ಟರೆ ಎಲ್ಲದರಲ್ಲೂ ಮಾರ್ಗರಿಟಾ ಎಂಬ ಹೆಣ್ಣಿದ್ದಾಳೆ. ಹೆಸರಿದೆ ಎಂದಮೇಲೆ ಆ ಹೆಸರಿನವಳೊಬ್ಬಳು ಇರಲೇಬೇಕು ಎಂದು ಜನ ನಂಬುತ್ತಾರೆ. ನಮ್ಮ ಊರೂರುಗಳ ಹೆಸರಿಗೂ ಹೀಗೆಯೇ ಒಬ್ಬ ರಾಜಕುಮಾರಿ, ಒಬ್ಬ ಋಷಿ ಹುಟ್ಟಿಕೊಳ್ಳುವುದುಂಟು.

ಬರಹದ ಸಾಕ್ಷಿ

ಐತಿಹ್ಯ ಒಂದು, ದಾಖಲೆ ಇನ್ನೊಂದು ಎಂಬುದಕ್ಕೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಭೀಮಾ ದಂಡೆಯ ಈ ಊರು ಭಕ್ತರಿಗೆ ಚಂದ್ರಲಾಂಬೆಯ ಕ್ಷೇತ್ರ. 1986ರಲ್ಲಿ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಗೆ ಪೀಠವಾಗಿದ್ದ ಕಲ್ಲುಚಪ್ಪಡಿಯ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಅಶೋಕನ ಶಾಸನ ಬೆಳಕಿಗೆ ಬಂತು. ಅಲ್ಲಿಯವರೆಗೆ ಯಾವ ಕಥೆಯೂ ಹೇಳದಿದ್ದುದನ್ನು ಕಲ್ಲು ಹೇಳಿತು. ಊರಿನ ಕಥೆಗಳು ಇದರಿಂದ ಸುಳ್ಳಾಗಲಿಲ್ಲ. ಆದರೆ ಕಾಲ ನಿರ್ಣಯಕ್ಕೆ ಕಥೆಗಿಂತ ಬರಹವೇ ಗಟ್ಟಿ ಎಂಬುದು ಮತ್ತೊಮ್ಮೆ ಸಾಬೀತಾಯಿತು.

ಮಾರ್ಗರಿಟಾದ ವಿಷಯದಲ್ಲೂ ಕಥೆಗಳನ್ನು ಪಕ್ಕಕ್ಕಿಟ್ಟು ಅಚ್ಚಾದ ಹಾಳೆಗಳನ್ನು ತಿರುವಿದರೆ ಚಿತ್ರ ಬದಲಾಗುತ್ತದೆ. ಅಮೆರಿಕದ ‘ಎಸ್ಕ್ವೈರ್’ ಮಾಸಿಕ 1953ರ ಡಿಸೆಂಬರ್ ಸಂಚಿಕೆಯಲ್ಲಿ ಮಾರ್ಗರಿಟಾವನ್ನು ತಿಂಗಳ ಪಾನೀಯವೆಂದು ಪರಿಚಯಿಸಿತು. ಆದರೆ ಅದಕ್ಕೂ 16 ವರ್ಷ ಮೊದಲು, 1937ರಲ್ಲಿ, ಲಂಡನ್ನಿನಲ್ಲಿ ಪ್ರಕಟವಾದ ‘ಕೆಫೆ ರಾಯಲ್ ಕಾಕ್‌ಟೇಲ್ ಬುಕ್’ ಎಂಬ ಪುಸ್ತಕದಲ್ಲಿ ‘ಪಿಕಾಡೋರ್’ ಎಂಬ ಪಾನೀಯವಿದೆ. ಅರ್ಧ ಪಾಲು ಟಕೀಲಾ, ಕಾಲು ಪಾಲು ಕ್ವಾಂತ್ರೊ, ಕಾಲು ಪಾಲು ಲಿಂಬೆರಸ. ಕ್ವಾಂತ್ರೊ ಎಂಬುದು ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ತಯಾರಾಗುವ ಕಿತ್ತಳೆ ಸಿಪ್ಪೆಯ ಮದ್ಯ. ಅಂಚಿನ ಉಪ್ಪೊಂದನ್ನು ಬಿಟ್ಟರೆ ಇದು ಮಾರ್ಗರಿಟಾವೇ. ಹೆಸರು ಮಾತ್ರ ಬೇರೆ. ಹಾಗಾಗಿ ಮೇಲಿನ ನಾಲ್ಕು ಕಥೆಗಳೂ ಹೇಳುವ ವರ್ಷಗಳಿಗೆ ಮೊದಲೇ ಈ ಮಿಶ್ರಣ ಪುಸ್ತಕ ಸೇರಿತ್ತು ಎಂದಾಯಿತು.

ಇನ್ನೊಂದು ಸಾಕ್ಷಿ ಇದಕ್ಕಿಂತಲೂ ಸ್ವಾರಸ್ಯದ್ದು. ಅಮೆರಿಕದ ಅಯೊವಾ ರಾಜ್ಯದ ಮೋವಿಲ್ ಎಂಬ ಸಣ್ಣ ಊರಿನ ಪತ್ರಿಕೆಯ ಸಂಪಾದಕ ಜೇಮ್ಸ್ ಗ್ರಹಾಂ 1936ರಲ್ಲಿ ತಿಹುವಾನಾಕ್ಕೆ ಹೋಗಿ ಬಂದು, ಆ ಪ್ರವಾಸದ ವಿವರ ಬರೆದ. ಮ್ಯಾಡನ್ ಎಂಬವನ ಬಾರಿನಲ್ಲಿ ‘ಟಕೀಲಾ ಡೈಸಿ’ ಎಂಬ ಪಾನೀಯ ಹೆಸರುವಾಸಿಯಾಗಿತ್ತು. ಅದು ಹುಟ್ಟಿದ ಬಗೆ ಕೇಳಿದಾಗ ಮ್ಯಾಡನ್ ದೊಡ್ಡಸ್ತಿಕೆ ಕೊಚ್ಚಿಕೊಳ್ಳಲಿಲ್ಲ. ಅವಸರದಲ್ಲಿ ಒಂದರ ಬದಲು ಇನ್ನೊಂದು ಸೀಸೆಗೆ ಕೈ ಹೋಯಿತು, ಗಿರಾಕಿಗೆ ಅದೇ ಹಿಡಿಸಿತು ಎಂದ.

ಡೈಸಿ ಎಂದರೆ ಇಂಗ್ಲಿಷಿನಲ್ಲಿ ಒಂದು ಹೂವು. ನಮ್ಮ ಸೇವಂತಿಗೆಯ ಬಳಗದ್ದು. ಅದೇ ಹೂವಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಇರುವ ಹೆಸರು ಮಾರ್ಗರಿಟಾ! ಅಂದಮೇಲೆ ನಟಿಯನ್ನೋ ರಾಯಭಾರಿಯ ಮಗಳನ್ನೋ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಗಡಿಯ ಆಚೆಯಿಂದ ಬಂದ ‘ಡೈಸಿ’ ಗಡಿಯ ಈಚೆಯ ಮಾತಿನಲ್ಲಿ ‘ಮಾರ್ಗರಿಟಾ’ ಆಗಿರುವ ಸಂಭವವೇ ಹೆಚ್ಚು ಎಂದು ಪಾನೀಯಗಳ ಇತಿಹಾಸ ಬರೆದ ಹಲವರು ಅಭಿಪ್ರಾಯಪಡುತ್ತಾರೆ.

ಪಾನನಿಷೇಧದ ಕೊಡುಗೆ

ಡೈಸಿ ಎಂಬುದು ಒಂದು ಪಾನೀಯದ ಹೆಸರಲ್ಲ, ಒಂದು ಮನೆತನದ ಹೆಸರು. ಯಾವುದಾದರೊಂದು ಭಟ್ಟಿ ಮದ್ಯ, ಲಿಂಬೆಯ ಹುಳಿ, ಕಿತ್ತಳೆ ಮದ್ಯದ ಸಿಹಿ ಸೇರಿಸಿದ ಪಾನೀಯಗಳನ್ನು 1870ರ ದಶಕದಿಂದಲೇ ಅಮೆರಿಕದಲ್ಲಿ ಡೈಸಿ ಎನ್ನುತ್ತಿದ್ದರು. ಬ್ರಾಂದಿ ಹಾಕಿದರೆ ಬ್ರಾಂದಿ ಡೈಸಿ, ಜಿನ್ ಹಾಕಿದರೆ ಜಿನ್ ಡೈಸಿ. ಅದಕ್ಕೆ ಟಕೀಲಾ ಸೇರಿದ್ದು ಕಾನೂನಿನ ಕೃಪೆಯಿಂದ.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು. ಕುಡಿಯಬೇಕೆನಿಸಿದ ಕ್ಯಾಲಿಫೋರ್ನಿಯಾ, ಟೆಕ್ಸಾಸಿನ ಜನ ಗಡಿ ದಾಟಿ ತಿಹುವಾನಾ, ಹ್ವಾರೆಸ್‌ಗಳಿಗೆ ನುಗ್ಗಿದರು. ಅಂಗಡಿ ಕಳೆದುಕೊಂಡ ಅಮೆರಿಕದ ಬಾರ್ ಕೆಲಸಗಾರರೂ ಅವರ ಹಿಂದೆಯೇ ಹೋದರು. ಕೈಯಲ್ಲಿದ್ದದ್ದು ಹಳೆಯ ಅಮೆರಿಕನ್ ಪಾಕ. ಎದುರಿಗೆ ಸಿಕ್ಕಿದ್ದು ಮೆಕ್ಸಿಕೊದ ಟಕೀಲಾ. ಎರಡೂ ಕೂಡಿದಾಗ ಒಂದೇ ಬಗೆಯ ಪಾನೀಯ ಒಂದಕ್ಕಿಂತ ಹೆಚ್ಚು ಊರುಗಳಲ್ಲಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದಲ್ಲಿ ಹೆರೆರಾ, ಒರೊಜ್ಕೊ, ಮೊರಾಲೆಸ್ ಮೂವರೂ ಸುಳ್ಳು ಹೇಳುತ್ತಿದ್ದರು ಎನ್ನಬೇಕಾಗಿಲ್ಲ. ಪ್ರತಿಯೊಬ್ಬರೂ ಬೆರೆಸಿದ್ದು ನಿಜವಿರಬಹುದು. ‘ಮೊದಲಿಗ ನಾನೇ’ ಎಂಬುದಷ್ಟೇ ನಿಲ್ಲದ ಮಾತು.

ಮೂಲ ನಮ್ಮ ಕರಾವಳಿಯಲ್ಲಿ?

ಮದ್ಯ, ಹುಳಿ, ಸಿಹಿ ಎಂಬ ಈ ಮೂರರ ಹದ ಅಮೆರಿಕದಲ್ಲೂ ಹುಟ್ಟಿದ್ದಲ್ಲ. ಅದರ ಹಿಂದಿನ ತಲೆಮಾರು ‘ಪಂಚ್’ ಎಂಬ ಪಾನೀಯ. ಪಂಚ್‌ನ ಜಾಡು ಹಿಡಿದು ಹೋದರೆ ಅದು ಭಾರತದ ಕಡಲತಡಿಗೆ ಬಂದು ನಿಲ್ಲುತ್ತದೆ. ಈ ಪದ ಕಾಣಿಸಿಕೊಳ್ಳುವ ಅತ್ಯಂತ ಹಳೆಯ ಬರಹಗಳಲ್ಲೊಂದು, 1632ರಲ್ಲಿ ಪೂರ್ವ ಕರಾವಳಿಯ ಪೇಟಪೋಲಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ವರ್ತಕನಿಗೆ ಬಂದ ಕಾಗದ. ಈಗಿನ ಆಂಧ್ರಪ್ರದೇಶದ ನಿಜಾಂಪಟ್ಟಣವೇ ಪೇಟಪೋಲಿ. 1670ರ ದಶಕದಲ್ಲಿ ಕಾರವಾರ, ಗೋಕರ್ಣಗಳನ್ನೂ ಕಂಡುಹೋದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್ 1698ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ, ಪಶ್ಚಿಮ ಕರಾವಳಿಯ ಇಂಗ್ಲಿಷರು ಅರಾಕಿನಿಂದ ಮಾಡುತ್ತಿದ್ದ ಪಂಚ್‌ನ ಪ್ರಸ್ತಾಪವಿದೆ. ಐದು ಪದಾರ್ಥ ಬೀಳುವುದರಿಂದ ‘ಐದು’ ಎಂಬರ್ಥದ ಇಲ್ಲಿಯ ಮಾತೇ ಅದರ ಹೆಸರಾಯಿತೆಂದು ಆತ ವಿವರಿಸುತ್ತಾನೆ. ಮದ್ಯ, ಸಕ್ಕರೆ, ಲಿಂಬೆ, ನೀರು, ಸಾಂಬಾರ ಇವೇ ಆ ಐದು ಎಂಬುದು ವಾಡಿಕೆಯ ಲೆಕ್ಕ. ಹೆಸರಿನ ವ್ಯುತ್ಪತ್ತಿಯನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಆ ಪಾನೀಯ ಇಂಗ್ಲೆಂಡಿಗೆ ಹೋದದ್ದು ಭಾರತದ ವ್ಯಾಪಾರದ ದಾರಿಯಲ್ಲಿ ಎಂಬುದರ ಬಗ್ಗೆ ಹೆಚ್ಚಿನ ತಕರಾರಿಲ್ಲ.

ಅಷ್ಟೇ ಅಲ್ಲ. ಮಾರ್ಗರಿಟಾದಲ್ಲಿ ಬೀಳುವ ಲಿಂಬೆ, ಕಿತ್ತಳೆ ಎರಡೂ ಅಮೆರಿಕ ಖಂಡದವಲ್ಲ, ಏಷ್ಯಾದವು. ಇಂಗ್ಲಿಷಿನ ‘ಆರೆಂಜ್’ ಪದವೇ ನಮ್ಮ ‘ನಾರಂಗ’ದಿಂದ ಪರ್ಷಿಯಾ, ಅರಬಸ್ತಾನ, ಸ್ಪೇನುಗಳ ಮೂಲಕ ಸವೆಯುತ್ತ ಹೋದದ್ದು. ಕೊಲಂಬಸ್ 1493ರ ತನ್ನ ಎರಡನೆಯ ಯಾನದಲ್ಲಿ ಈ ಜಾತಿಯ ಹಣ್ಣುಗಳ ಬೀಜ ಕೊಂಡೊಯ್ದ. ಕಿತ್ತಳೆ ಅಲ್ಲಿಗೆ ಹೋಯಿತು, ಕತ್ತಾಳೆ ಇಲ್ಲಿಗೆ ಬಂತು. ಕೊಟ್ಟು ತೆಗೆದುಕೊಂಡ ಈ ಲೆಕ್ಕದಲ್ಲಿ ಯಾರ ಹೆಸರೂ ಬರೆದಿಲ್ಲ.

ಹುಳಿ, ಸಿಹಿ, ಉಪ್ಪಿನ ಲೆಕ್ಕ

ಬಾರ್ ಕೆಲಸಗಾರರ ಅಂತರರಾಷ್ಟ್ರೀಯ ಸಂಘ ಮಾನ್ಯ ಮಾಡಿರುವ ಈಗಿನ ಅಳತೆಯಲ್ಲಿ 50 ಮಿಲಿಲೀಟರ್ ಟಕೀಲಾ, 20 ಮಿಲಿಲೀಟರ್ ಕಿತ್ತಳೆ ಮದ್ಯ, 15 ಮಿಲಿಲೀಟರ್ ಲಿಂಬೆರಸ ಇವೆ. ಲಿಂಬೆಯ ಹುಳಿ ಮದ್ಯದ ಕಾರವನ್ನು ಮುಚ್ಚುತ್ತದೆ, ಸಿಹಿ ಹುಳಿಯನ್ನು ತಗ್ಗಿಸುತ್ತದೆ, ಉಪ್ಪು ಕಹಿಯನ್ನು ಅಡಗಿಸಿ ಉಳಿದ ರುಚಿಗಳನ್ನು ಎತ್ತಿ ಕೊಡುತ್ತದೆ. ಬೇಸಿಗೆಯಲ್ಲಿ ಲಿಂಬೆ ಶರಬತ್ತಿಗೆ ಸಕ್ಕರೆಯ ಜೊತೆ ಚಿಟಿಕೆ ಉಪ್ಪು ಹಾಕುವ ನಮ್ಮ ಮನೆಯ ಹೆಂಗಸರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಶರಬತ್ತಿನಂತೆ ಕಾಣುವುದೇ ಇದರ ಅಪಾಯವೂ ಹೌದು. ಒಂದು ಗ್ಲಾಸಿನಲ್ಲಿ ಎರಡು ಸಣ್ಣ ಪೆಗ್ಗಿಗಿಂತ ಹೆಚ್ಚು ಮದ್ಯವಿದೆ ಎಂಬುದು ನಾಲಿಗೆಗೆ ಗೊತ್ತಾಗುವುದಿಲ್ಲ.

ಮುಂದಿನ ರೂಪಾಂತರಗಳೆಲ್ಲ ಈ ಹದದ ಮೇಲೆ ನಡೆದ ಪ್ರಯೋಗಗಳೇ. ಇವುಗಳಲ್ಲಿ ಅತಿ ದೊಡ್ಡದು 1971ರ ಮೇ 11ರಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆಯಿತು. ಮರಿಯಾನೊ ಮಾರ್ಟಿನೆಜ್ ಎಂಬ ಯುವಕ ಆಗಷ್ಟೇ ಹೋಟೆಲು ತೆರೆದಿದ್ದ. ಮಂಜುಮಂಜಾದ ಮಾರ್ಗರಿಟಾಕ್ಕೆ ಗಿರಾಕಿಗಳು ಮುಗಿಬಿದ್ದರು. ಲಿಂಬೆ ಹೆಚ್ಚಿ, ಮಿಕ್ಸರಿನಲ್ಲಿ ಐಸ್ ಅರೆದು ಕೆಲಸಗಾರರು ಸೋತರು. ಒಂದು ಗ್ಲಾಸಿನ ರುಚಿ ಇನ್ನೊಂದಕ್ಕೆ ಬರುತ್ತಿರಲಿಲ್ಲ. ಅಂಗಡಿಯೊಂದರಲ್ಲಿ ಮಕ್ಕಳಿಗಾಗಿ ಐಸ್ ಬೆರೆತ ಶರಬತ್ತು ಸುರಿಸುವ ಯಂತ್ರ ಕಂಡ ಮಾರ್ಟಿನೆಜ್, ಐಸ್‌ಕ್ರೀಮ್ ಯಂತ್ರವೊಂದನ್ನು ಮಾರ್ಪಡಿಸಿ ಅದರಲ್ಲಿ ಮಾರ್ಗರಿಟಾ ತಯಾರಿಸಿದ. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಇತರರು ನಕಲು ಮಾಡಿದರು, ಪಾನೀಯ ಅಮೆರಿಕದಾದ್ಯಂತ ಹಬ್ಬಿತು. ಆ ಮೊದಲ ಯಂತ್ರ 2005ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು.

ಯಂತ್ರದಿಂದ ಬಂದ ಅಗ್ಗದ ಸಿಹಿಗೆ ಪ್ರತಿಯಾಗಿ ಇನ್ನೊಂದು ರೂಪ ಹುಟ್ಟಿತು. ಸ್ಯಾನ್‌ಫ್ರಾನ್ಸಿಸ್ಕೊದ ಟಾಮೀಸ್ ಹೋಟೆಲಿನ ಹೂಲಿಯೊ ಬರ್ಮೆಹೊ 1990ರ ಆಸುಪಾಸಿನಲ್ಲಿ ಕಿತ್ತಳೆ ಮದ್ಯವನ್ನೇ ಬಿಟ್ಟು, ಕತ್ತಾಳೆಯ ಸಿಹಿ ಪಾಕವನ್ನು ಬಳಸಿದ. ಕತ್ತಾಳೆಯ ಮದ್ಯಕ್ಕೆ ಕತ್ತಾಳೆಯದೇ ಸಿಹಿ! ಇದು ‘ಟಾಮೀಸ್ ಮಾರ್ಗರಿಟಾ’ ಎಂದೇ ಪ್ರಸಿದ್ಧ. ಬೆಲೆಬಾಳುವ ಗ್ರಾನ್ ಮಾರ್ನಿಯೆ ಹಾಕಿದರೆ ‘ಕ್ಯಾಡಿಲ್ಯಾಕ್’, ಟಕೀಲಾದ ಬದಲು ಹೊಗೆ ಹಿಡಿದ ಮೆಸ್ಕಾಲ್ ಹಾಕಿದರೆ ಮೆಸ್ಕಾಲ್ ಮಾರ್ಗರಿಟಾ. ಸ್ಟ್ರಾಬೆರಿ, ಹಸಿಮೆಣಸು, ಕಲ್ಲಂಗಡಿ ಹಾಕುವವರಿದ್ದಾರೆ. ಭಾರತದ ಹೋಟೆಲುಗಳಲ್ಲಿ ಮಾವು, ಪೇರಲ ಬಂದಿವೆ. ಅಂಚಿನ ಉಪ್ಪಿಗೆ ಮೆಣಸಿನಪುಡಿಯೂ ಸೇರಿದೆ.

ಗಿಡ ಮತ್ತು ಗಿಡ ಕೊಯ್ಯುವವರು

ಇಷ್ಟೆಲ್ಲ ಹೆಸರುಗಳ ನಡುವೆ ಮರೆಯಾದದ್ದು ಮೂಲದ ಗಿಡ. ಸ್ಪೇನಿನವರು ಬರುವ ಮೊದಲೇ ಮೆಕ್ಸಿಕೊದ ಜನ ಕತ್ತಾಳೆಯ ನಡುವನ್ನು ಕೊರೆದು, ಅಲ್ಲಿ ಒಸರುವ ಸಿಹಿ ರಸವನ್ನು ಹುಳಿ ಬರಿಸಿ ‘ಪುಲ್ಕೆ’ ಮಾಡುತ್ತಿದ್ದರು. ಈಚಲ ಮರದ ಸೇಂದಿಯನ್ನು ಬಲ್ಲ ಸೇಡಂ, ಚಿಂಚೋಳಿ ಸೀಮೆಯ ಹಿರಿಯರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಬೆಳಿಗ್ಗೆ ಸಿಹಿ, ಹೊತ್ತೇರಿದಂತೆ ಹುಳಿ, ಇಟ್ಟರೆ ಕೆಡುತ್ತದೆ. ಭಟ್ಟಿ ಇಳಿಸುವ ವಿದ್ಯೆ ಆಮೇಲಿನದು. ಫಿಲಿಪ್ಪೀನ್ಸಿನಿಂದ ಮೆಕ್ಸಿಕೊದ ಪಶ್ಚಿಮ ತೀರಕ್ಕೆ ಹೋದ ತೆಂಗಿನ ಕಳ್ಳು ಇಳಿಸುವವರೇ ಭಟ್ಟಿಯ ಒಂದು ಬಗೆಯನ್ನು ಅಲ್ಲಿಗೆ ಒಯ್ದರು ಎಂದು ಕೆಲವು ಸಂಶೋಧಕರು ವಾದಿಸುತ್ತಾರೆ.

ನೀಲಿ ಕತ್ತಾಳೆ ಕಟಾವಿಗೆ ಬರಲು ಸುಮಾರು 6ರಿಂದ 8 ವರ್ಷ ಹಿಡಿಯುತ್ತದೆ. ‘ಹಿಮಾದೋರ್’ ಎಂದು ಕರೆಯುವ ಕೆಲಸಗಾರ ಉದ್ದ ಹಿಡಿಯ ಹರಿತ ಸಲಿಕೆಯಿಂದ ಎಲೆಗಳನ್ನು ಸವರಿ, ಅನಾನಸಿನಂತೆ ಕಾಣುವ ಗಡ್ಡೆಯನ್ನು ಹೊರತೆಗೆಯುತ್ತಾನೆ. ಅದನ್ನು ಬೇಯಿಸಿ, ಹಿಂಡಿ, ಹುಳಿ ಬರಿಸಿ, ಭಟ್ಟಿ ಇಳಿಸಿದರೆ ಟಕೀಲಾ. ಒಂದು ಗಿಡ ಒಂದೇ ಸಲ. ಹೂವಿನ ಕಂಬ ಮೇಲೆದ್ದರೆ ಗಡ್ಡೆಯ ಸಕ್ಕರೆಯೆಲ್ಲ ಅದಕ್ಕೇ ಹೋಗುವುದರಿಂದ ಅದನ್ನು ಮೊದಲೇ ಕತ್ತರಿಸಿಬಿಡುತ್ತಾರೆ. ಹೂವಿಲ್ಲದಿದ್ದರೆ ಬೀಜವಿಲ್ಲ, ಬುಡದ ಮರಿಗಳನ್ನೇ ಕಿತ್ತು ನೆಡುತ್ತ ಬಂದದ್ದರಿಂದ ಹೊಲಗಟ್ಟಲೆ ಗಿಡಗಳು ಒಂದೇ ಗಿಡದ ಪಡಿಯಚ್ಚು. 1990ರ ದಶಕದ ಕೊನೆಗೆ ರೋಗ ಬಿದ್ದಾಗ ತೋಟಗಳು ಹಾಳಾಗಿ ಕತ್ತಾಳೆಗೆ ತೀವ್ರ ಅಭಾವ ಉಂಟಾಯಿತು. ಹೂವಿನ ಮಕರಂದ ನಂಬಿದ್ದ ಬಾವಲಿಗಳಿಗೂ ಆಹಾರ ತಪ್ಪಿತು. ಪ್ರತಿ ತೋಟದಲ್ಲಿ ನೂರಕ್ಕೆ ಐದು ಗಿಡವನ್ನಾದರೂ ಹೂ ಬಿಡಲು ಬಿಡಿ ಎಂದು ವಿಜ್ಞಾನಿ ರೊಡ್ರಿಗೊ ಮೆಡೆಲಿನ್ ಮತ್ತು ಸಂಗಡಿಗರು ರೈತರನ್ನು ಒಪ್ಪಿಸುತ್ತ ಬಂದಿದ್ದಾರೆ.

ಹೆಸರಿಗೆ ಬೇಲಿ, ಬೇಲಿಗೆ ಬೆಲೆ

ಟಕೀಲಾ ಎಂಬ ಹೆಸರಿಗೆ ಮೆಕ್ಸಿಕೊ 1974ರಲ್ಲಿ ಕಾನೂನಿನ ರಕ್ಷಣೆ ನೀಡಿತು. ಹಾಲಿಸ್ಕೊ ರಾಜ್ಯ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಪ್ರದೇಶದಲ್ಲಿ, ನೀಲಿ ಕತ್ತಾಳೆಯಿಂದ ಮಾಡಿದರೆ ಮಾತ್ರ ಅದು ಟಕೀಲಾ. ಮಾರ್ಗರಿಟಾಕ್ಕೆ ಇಂತಹ ಬೇಲಿಯಿಲ್ಲ. ಹೆಸರು ಯಾರದೂ ಅಲ್ಲದ್ದರಿಂದಲೇ ಎಲ್ಲರೂ ತಮ್ಮದೆಂದರು, ಎಲ್ಲ ಊರಿನವರೂ ತಮಗೆ ಬೇಕಾದಂತೆ ಬದಲಿಸಿಕೊಂಡರು.

ಈ ಚರಿತ್ರೆಯ ಈಚಿನ ಅಧ್ಯಾಯ ದಖನ್ನಿನದು. ಇಲ್ಲಿಯ ಕಾಡು ಕತ್ತಾಳೆಯನ್ನು ಗಮನಿಸಿದ ಡೆಸ್ಮಂಡ್ ನಜರೆತ್ ಎಂಬ ಉದ್ಯಮಿ, ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಭಟ್ಟಿ ಸ್ಥಾಪಿಸಿ 2011ರಲ್ಲಿ ಗೋವಾದ ಮಾರುಕಟ್ಟೆಗೆ ಕತ್ತಾಳೆ ಮದ್ಯ ತಂದರು. ಸೀಸೆಯಲ್ಲೇ ಬೆರೆಸಿಟ್ಟ ಮಾರ್ಗರಿಟಾವೂ ಅದರ ಜೊತೆಗಿತ್ತು. ಅದನ್ನು ಟಕೀಲಾ ಎನ್ನುವಂತಿಲ್ಲ. ಕತ್ತಾಳೆ ಮದ್ಯ ಎಂದೇ ಮಾರಬೇಕು. ಆಮೇಲೆ ಬೇರೆ ತಯಾರಕರೂ ಈ ದಾರಿ ಹಿಡಿದಿದ್ದಾರೆ.

ಕೇಳಬೇಕಾದ ಪ್ರಶ್ನೆ ಉಳಿದಿರುವುದು ಇಲ್ಲಿಯೇ. ನಮ್ಮ ಕಾಡು ಕತ್ತಾಳೆ ಬಲಿಯಲು ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಬದುವಿನ ಮಣ್ಣನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ಅದು ಸದ್ದಿಲ್ಲದೆ ಮಾಡುತ್ತಿದೆ. ಬೇಲಿಯ ಗಿಡಕ್ಕೆ ಬೆಲೆ ಬಂದರೆ ಒಣಭೂಮಿಯ ರೈತನಿಗೆ ನಾಲ್ಕು ಕಾಸು ಸಿಗಬಹುದು. ಆದರೆ ನೆಡುವ ಕೈಗಿಂತ ಕಡಿಯುವ ಕೈ ಮುಂದಾದರೆ, ಒಂದು ದಿನದಲ್ಲಿ ಕಿತ್ತ ಬೇಲಿ ಮತ್ತೆ ಏಳಲು ಹತ್ತು ಮಳೆಗಾಲ ಕಾಯಬೇಕಾಗುತ್ತದೆ. ಮಾರ್ಗರಿಟಾವನ್ನು ಕಂಡುಹಿಡಿದವರು ಯಾರೆಂಬ ಜಗಳ ಎಂದೂ ತೀರದಿದ್ದರೂ ನಷ್ಟವಿಲ್ಲ. ಕತ್ತಾಳೆಯ ಲೆಕ್ಕವನ್ನು ಮಾತ್ರ ಮೆಕ್ಸಿಕೊದವರು ತಡವಾಗಿ ಕಲಿತರು. ಅವರ ಅನುಭವ ಎದುರಿಗಿರುವುದರಿಂದ ನಾವು ತಡಮಾಡಲು ಕಾರಣವಿಲ್ಲ.